ಮೂರು ಸಲ ಒತ್ತಿದರೆ ಹಿಡಿಯುವ ಬ್ರೇಕು

"ಇದು ತಾನಾಗಿ ಹರಿದದ್ದಲ್ಲ ಪುಟ್ಟಿ. ಯಾರೋ ಕೊಯ್ದಿದ್ದಾರೆ."

ಅಣ್ಣ ಕಾರಿನ ಅಡಿಯಿಂದಲೇ ಹೇಳಿದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಪಾದ ಮಾತ್ರ. ಅವನ ತಂಗಿ, ಸಬ್ ಇನ್ಸ್‌ಪೆಕ್ಟರ್, ಮಂಡಿಯೂರಿ ಕೂತು ಟಾರ್ಚು ಬಿಟ್ಟಳು. ಮುಂದಿನ ಎಡ ಚಕ್ರದ ಹಿಂದೆ ಕಪ್ಪು ರಬ್ಬರಿನ ಬ್ರೇಕ್ ಪೈಪು ಎರಡು ತುಂಡಾಗಿ ನೇತಾಡುತ್ತಿತ್ತು. ತುಂಡಾದ ಬಾಯಿ ಸೌತೆಕಾಯಿ ಹೆಚ್ಚಿದಷ್ಟು ನುಣ್ಣಗಿತ್ತು. ಅಲ್ಲಿಂದ ಬ್ರೇಕ್ ಆಯಿಲು ಒಂದೊಂದೇ ಹನಿಯಾಗಿ ಬೀಳುತ್ತಿತ್ತು. ಕೆಳಗೆ ನೆಲದ ಮೇಲೆ ಮರದ ಹೊಟ್ಟು ಹರಡಿತ್ತು.

"ಹಾಗಾದ್ರೆ ಇದು ಆಕ್ಸಿಡೆಂಟ್ ಅಲ್ಲ ಮೇಡಂ," ಎಂದ ದಫೇದಾರ, ಟೀ ಲೋಟ ಹಿಡಿದುಕೊಂಡೇ. "ಕೊಲೆ ಮಾಡೋಕೆ ನೋಡಿದಾರೆ."

"ಮೊದಲು ಟೀ ಮುಗಿಸಿ. ಆಮೇಲೆ ಕೊಲೆ."

ಹಾಗೆಂದಳೇ ಹೊರತು ಅವಳ ಮನಸ್ಸೂ ಅದನ್ನೇ ಹೇಳುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಹಲ್ಲಿನ ಡಾಕ್ಟರ ಕಾರು ಇಳಿಜಾರಿನಲ್ಲಿ ಬಂದು, ತಿರುವಿನಲ್ಲಿ ನಿಲ್ಲದೆ, ಎದುರಿನ ಲಾಂಡ್ರಿಗೆ ನುಗ್ಗಿತ್ತು. ಇಸ್ತ್ರಿ ಮಾಡುತ್ತಿದ್ದ ಅಜ್ಜಿಯ ಬಲಗಾಲು ಮುರಿದಿತ್ತು. ಕಾರನ್ನು ತಾವೇ ಓಡಿಸುತ್ತಿದ್ದ ಡಾಕ್ಟರ ಹಣೆಗೆ ನಾಲ್ಕು ಹೊಲಿಗೆ ಬಿದ್ದಿತ್ತು. "ಬ್ರೇಕು ಹಿಡೀಲಿಲ್ಲ, ಬ್ರೇಕು ಹಿಡೀಲಿಲ್ಲ" ಎನ್ನುವುದು ಬಿಟ್ಟರೆ ಬೇರೆ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ.

ಸ್ಟೇಷನ್ ಅಂಗಳದಲ್ಲಿ ಹಿಡಿದು ತಂದ ಸ್ಕೂಟರುಗಳೇ ತುಂಬಿಕೊಂಡಿದ್ದವು. ಕಾರನ್ನು ಎಂದಿನಂತೆ ಅಣ್ಣನ ಗ್ಯಾರೇಜಿಗೆ ಎಳೆಸಿದಳು. ಒಂಬತ್ತು ವರ್ಷದಿಂದ ನಡೆದು ಬಂದದ್ದೇ ಹಾಗೆ. ಅಪಘಾತದ ಗಾಡಿ ಇಲ್ಲಿಗೆ ಬರುತ್ತಿತ್ತು. ಅಣ್ಣ ಅಡಿಗೆ ನುಸುಳಿ ನೋಡುತ್ತಿದ್ದ, ಹೇಳುತ್ತಿದ್ದ. ಅವಳು ಬರೆದುಕೊಂಡು ಕೆಳಗೆ ಸಹಿ ಹಾಕುತ್ತಿದ್ದಳು. ಒಂದು ಸಲವೂ ಆ ಮಾತು ಸುಳ್ಳಾಗಿರಲಿಲ್ಲ. ಊರಿಗೆ ಊರೇ ಅವನನ್ನು ಬ್ರೇಕ್ ಮೇಷ್ಟ್ರು ಎಂದು ಕರೆಯುತ್ತಿತ್ತು. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿ ಓದಿಸಿದವನು ಅವನೇ. ಆರನೇ ಕ್ಲಾಸಿನಿಂದ ಅವಳು ಇದೇ ನೆಲದ ಮೇಲೆ ಕೂತು ಅವನಿಗೆ ದೀಪ ಹಿಡಿದವಳು.

"ಹೊಟ್ಟು ಯಾರು ಹಾಕಿದ್ದು?" ಎಂದು ಕೇಳಿದಳು.

"ನಾನೇ. ಜಾರಿ ಬಿದ್ರೆ ನಿನ್ನ ದಫೇದಾರರ ಸೊಂಟ ಹೋಗುತ್ತೆ ಅಂತ." ಅಣ್ಣ ಹೊರಗೆ ಬಂದು ಕೈ ಒರೆಸಿಕೊಂಡ. ಅವಳ ಮುಖ ನೋಡಲಿಲ್ಲ. ನೋಡಲಿಲ್ಲವೆಂಬುದು ಅವಳಿಗೆ ಆಗ ಹೊಳೆಯಲಿಲ್ಲ.

* * *

ಡಾಕ್ಟರು ಕ್ಲಿನಿಕ್ಕಿನಲ್ಲಿ ರೋಗಿಗಳ ಕುರ್ಚಿಯಲ್ಲೇ ಒರಗಿ ಮಲಗಿದ್ದರು. ಹಣೆಗೆ ಬ್ಯಾಂಡೇಜು.

"ಯಾರ ಮೇಲಾದ್ರೂ ಅನುಮಾನ ಇದೆಯಾ ಡಾಕ್ಟ್ರೇ?"

"ಅನುಮಾನ ಏನು ಬಂತು. ಡ್ರೈವರ್ದೇ ಕೆಲಸ. ನಿನ್ನೆ ಸಂಜೆ ಅವನನ್ನ ಕೆಲಸದಿಂದ ತೆಗೆದೆ."

"ಯಾಕೆ?"

"ದಿನಾ ಲೇಟು. ಒಂದು ವಾರದಿಂದ ಕಾರನ್ನ ಎತ್ತಿನಗಾಡಿ ಥರ ಓಡಿಸ್ತಿದ್ದ. ಕೇಳಿದ್ರೆ ಪೆಡಲ್ಲು ಹಾಗೆ, ಹೀಗೆ ಅಂತ ಕಥೆ. ಬ್ರೇಕಿಗೆ ಹೊಸ ಸೀಲ್ ಹಾಕಿಸಿ ಇನ್ನೂ ಎಂಟೇ ದಿನ!"

"ತೆಗೆದಾಗ ಏನಂದ?"

"'ನಾನಿಲ್ದೆ ಆ ಕಾರು ಓಡಿಸಿ ನೋಡಿ' ಅಂದ. ಹೊರಗೆ ಕೂತಿದ್ದವರೆಲ್ಲ ಕೇಳಿಸ್ಕೊಂಡ್ರು."

ದಫೇದಾರ ಅವಳ ಕಡೆ ನೋಡಿ ಹುಬ್ಬು ಹಾರಿಸಿದ.

"ಇವತ್ತು ಬೆಳಿಗ್ಗೆ ಮನೆ ಬಿಡೋವಾಗ ಬ್ರೇಕು ಹೇಗಿತ್ತು?"

"ಗೇಟಿನ ಹತ್ತಿರ ನಿಲ್ಲಿಸಿ, ಇಳಿದು ಗೇಟು ಹಾಕ್ಕೊಂಡು ಬಂದೆ. ಸ್ವಲ್ಪ ಮೆತ್ತಗಿದೆ ಅನ್ನಿಸ್ತು, ನಿಂತಿತು. ಇಳಿಜಾರಲ್ಲಿ ಒತ್ತಿದ್ರೆ ಕಾಲು ಸೀದಾ ನೆಲಕ್ಕೆ ಹೋಯ್ತು."

ಅವಳು ಎಲ್ಲವನ್ನೂ ಬರೆದುಕೊಂಡಳು. ಬರೆದದ್ದನ್ನು ಓದಲಿಲ್ಲ.

* * *

ಡ್ರೈವರನ ಮನೆ ಕಿರಿದಾದ ಗಲ್ಲಿಯ ಕೊನೆಯಲ್ಲಿತ್ತು. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಅವನು ಹೊಸ್ತಿಲ ಮೇಲೆ ಕೂತು ಮಗಳ ಶಾಲೆಯ ಬ್ಯಾಗಿನ ಜಿಪ್ಪು ಸರಿ ಮಾಡುತ್ತಿದ್ದ. ನಲವತ್ತರ ಆಸುಪಾಸು. ಪೊಲೀಸರನ್ನು ಕಂಡು ಎದ್ದು ನಿಂತ.

"ಡಾಕ್ಟ್ರಿಗೆ ಏನೂ ಆಗಿಲ್ಲ ತಾನೆ ಮೇಡಂ? ಈಗ ತಾನೆ ಕೇಳಿದೆ."

"ಏನೂ ಆಗಿಲ್ಲ ಅಂತ ಬೇಜಾರಾ?"

"ಅಯ್ಯೋ, ಏನು ಹಾಗಂತೀರಿ! ಆ ಪೆಡಲ್ಲು ಎಂಟು ದಿನದಿಂದ ಮೆತ್ತಗಿತ್ತು. ನಾನು ಗ್ಯಾರೇಜಿಗೆ ಎರಡು ಸಲ ತಗೊಂಡು ಹೋಗಿ ಹೇಳಿದೀನಿ. ನಿಮ್ಮಣ್ಣ..."

ಆ ಮಾತು ಮುಗಿಯಲಿಲ್ಲ. ಅವಳ ಕೈ ಬೀಸಿತು. ಅವನ ಕೆನ್ನೆಯ ಮೇಲೆ ಬಿದ್ದ ಸದ್ದು ಗಲ್ಲಿಯ ಆ ತುದಿಯವರೆಗೂ ಕೇಳಿಸಿತು. ನಲ್ಲಿಯ ಬಳಿ ಕೊಡ ಹಿಡಿದು ನಿಂತ ಹೆಂಗಸರು ತಿರುಗಿದರು. ಬಾಗಿಲಲ್ಲಿ ಅವನ ಹೆಂಡತಿ ಬಂದು ನಿಂತಳು. ಅವಳ ಸೊಂಟದ ಮರೆಯಲ್ಲಿ ಎಂಟು ವರ್ಷದ ಮಗಳು.

"ಕೊಯ್ದಿದ್ದು ನೀನು, ಗ್ಯಾರೇಜಿನವರ ಮೇಲೆ ಹಾಕ್ತೀಯಾ?" ಎಂದಳು ಸಬ್ ಇನ್ಸ್‌ಪೆಕ್ಟರ್. "ಜೀಪು ಹತ್ತು."

ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬ್ಯಾಗನ್ನು ಮಗಳ ಕೈಗೆ ಕೊಟ್ಟು, ತಲೆ ತಗ್ಗಿಸಿ ನಡೆದ. ಜೀಪಿನವರೆಗೂ ಬಾಗಿಲು ಬಾಗಿಲಲ್ಲಿ ಜನ ನಿಂತು ನೋಡಿದರು. ಅವಳಿಗೆ ಏನೋ ಒಂದು ಥರ ಅನ್ನಿಸಿತು. ಬಿಸಿಲು ಹೆಚ್ಚಾಯಿತೆಂದುಕೊಂಡಳು.

* * *

ಆಸ್ಪತ್ರೆಯಲ್ಲಿ ಲಾಂಡ್ರಿ ಅಜ್ಜಿಯ ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ತೊಡೆಯವರೆಗೆ ಪ್ಲಾಸ್ಟರ್. ಅಜ್ಜಿಗೆ ಅದರ ಚಿಂತೆಯೇ ಇರಲಿಲ್ಲ.

"ಹೋಟೆಲಿನೋರ ಬೆಡ್‌ಶೀಟು ಹನ್ನೆರಡು ಇತ್ತು ತಾಯಿ. ಹನ್ನೊಂದು ಸಿಕ್ತಂತೆ. ಇನ್ನೊಂದು?"

"ಕಾಲು ಮುರಿದಿದೆ ಅಜ್ಜಿ, ಬೆಡ್‌ಶೀಟಿನ ಮಾತು ಆಡ್ತೀರಲ್ಲ."

"ಕಾಲು ನಂದು, ಹೇಗೋ ಆಗುತ್ತೆ. ಶೀಟು ಬೇರೆಯೋರ್ದು."

ದಫೇದಾರ ಕೆಮ್ಮಿದ. "ಅದು ಜೀಪಿನಲ್ಲಿದೆ ಮೇಡಂ. ಕಾರು ಎಳೆಯೋವಾಗ ಚಕ್ರದ ಕೆಳಗಿಂದ ನಾನೇ ತೆಗೆದೆ. ಆಧಾರ ವಸ್ತು ಅಂತ ಮಡಿಸಿ ಇಟ್ಕೊಂಡಿದೀನಿ."

"ತಂದು ತೋರಿಸಪ್ಪ," ಎಂದಳು ಅಜ್ಜಿ. "ಉಳಿಯುತ್ತೋ ಇಲ್ವೋ ನೋಡಿ ಹೇಳ್ತೀನಿ."

ಮುದುಕಿಯ ಸಮಾಧಾನಕ್ಕೆಂದು ತರಿಸಿದಳು. ಅಜ್ಜಿ ಶೀಟನ್ನು ಎದೆಯ ಮೇಲೆ ಹರಡಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದೇ ಕಲೆಯ ಮೇಲೆ ಬೆರಳಿಟ್ಟಳು.

"ಇದು ಮಣ್ಣು. ಇದು ಟೈರಿನ ಕಪ್ಪು, ಸೀಮೆಎಣ್ಣೆ ಹಾಕಿದ್ರೆ ಹೋಗುತ್ತೆ. ಈ ಹಸಿರು ಕಾರಿನ ಮೂತಿಯಿಂದ ಸೋರಿದ ನೀರು. ಇದು ನನ್ನ ಟೀ." ಶೀಟನ್ನು ಮೂಗಿನ ಹತ್ತಿರ ತಂದು ಮೂಸಿದಳು. "ಸದ್ಯ, ಎಣ್ಣೆ ಬಿದ್ದಿಲ್ಲ. ಉಳೀತು ಶೀಟು."

ಸಬ್ ಇನ್ಸ್‌ಪೆಕ್ಟರ್ ಬಾಗಿದಳು. "ಎಣ್ಣೆ ಇಲ್ವಾ? ಸರಿಯಾಗಿ ನೋಡಿ ಅಜ್ಜಿ. ಬ್ರೇಕಿನ ಎಣ್ಣೆ?"

"ನಲವತ್ತು ವರ್ಷ ಕಲೆ ತೆಗೆದಿದೀನಿ. ಎಣ್ಣೆ ನಂಗೆ ಗೊತ್ತಾಗಲ್ವಾ? ಯಾವ ಎಣ್ಣೇನೂ ಇಲ್ಲ."

"ದಫೇದಾರ್ರೇ, ಇದು ಯಾವ ಚಕ್ರದ ಕೆಳಗಿತ್ತು?"

"ಮುಂದಿನ ಎಡಗಡೆ ಚಕ್ರ ಮೇಡಂ. ಎರಡೂವರೆ ಗಂಟೆ ಕಾರು ಅದರ ಮೇಲೇ ನಿಂತಿತ್ತು."

ಕೊಯ್ದ ಪೈಪು ಇದ್ದದ್ದೂ ಅಲ್ಲೇ. ಡಾಕ್ಟರು ಬ್ರೇಕನ್ನು ನೆಲ ಮುಟ್ಟುವ ಹಾಗೆ ತುಳಿದಿದ್ದರು. ಪೈಪು ಮೊದಲೇ ತುಂಡಾಗಿದ್ದರೆ ಆಯಿಲು ಪಿಚಕಾರಿಯ ಹಾಗೆ ಚಿಮ್ಮಬೇಕಿತ್ತು. ಎರಡೂವರೆ ಗಂಟೆಯಲ್ಲಿ ಬಿಳಿ ಬಟ್ಟೆಯ ಮೇಲೆ ಒಂದು ಹನಿಯೂ ಬೀಳಲಿಲ್ಲವೆಂದರೆ, ಕಾರು ಲಾಂಡ್ರಿಗೆ ನುಗ್ಗಿದಾಗ ಪೈಪು ಗಟ್ಟಿಯಾಗಿಯೇ ಇತ್ತು. ಕೊಯ್ದದ್ದು ಆಮೇಲೆ, ಗ್ಯಾರೇಜಿನಲ್ಲಿ.

ಡ್ರೈವರ್ ಅಲ್ಲಿಗೆ ಬಂದಿದ್ದರೆ ಕಾವಲಿಗಿದ್ದ ದಫೇದಾರ ಆಗಲೇ ಹೇಳುತ್ತಿದ್ದ.



* * *

"ಗ್ಯಾರೇಜಿಗೆ ಕಾರು ಹೋದ ಮೇಲೆ ಯಾರು ಯಾರು ಬಂದ್ರು?" ಜೀಪಿನಲ್ಲಿ ಕೇಳಿದಳು.

"ನಾನಿದ್ದೆ. ನಿಮ್ಮಣ್ಣ, ಅತ್ತಿಗೆ. ಆಮೇಲೆ ಡಾಕ್ಟ್ರು ಬಂದಿದ್ರು, ಕಾರಿನಲ್ಲಿ ಬಿಟ್ಟ ಬ್ಯಾಗು ತಗೊಳ್ಳೋಕೆ."

ಡಾಕ್ಟರು! ಅವಳ ಜೀವಕ್ಕೆ ಒಂದಿಷ್ಟು ಗಾಳಿ ಬಂದಂತಾಯಿತು. ತಾವೇ ಅಜಾಗರೂಕತೆಯಿಂದ ಗುದ್ದಿ, ಕೇಸು ತಪ್ಪಿಸಿಕೊಳ್ಳಲು ಡ್ರೈವರನ ತಲೆಗೆ ಕಟ್ಟಿರಬಹುದು. ಚಾಕು ಹಿಡಿದು ಪಳಗಿದ ಕೈ. ಅಷ್ಟು ನುಣ್ಣಗೆ ಕೊಯ್ಯಲು ಬೇರೆ ಯಾರಿಗೆ ಬರುತ್ತದೆ? ಅಲ್ಲಿಂದಲೇ ಫೋನು ಮಾಡಿದಳು.

"ನಾನು ಆಟೋದಿಂದ ಇಳೀಲೇ ಇಲ್ಲ ಮೇಡಂ," ಎಂದರು ಡಾಕ್ಟರು. "ತಲೆ ಸುತ್ತುತ್ತಿತ್ತು. ನಿಮ್ಮ ಅತ್ತಿಗೇನೇ ಬ್ಯಾಗು ತಂದು ಕೈಗೆ ಕೊಟ್ರು."

"ಹೌದು ಮೇಡಂ," ಎಂದ ದಫೇದಾರ. "ಆಟೋ ರಸ್ತೇಲೇ ನಿಂತಿತ್ತು. ನಾನೂ ಆಗ ಅಲ್ಲೇ ಮೂಲೆಗೆ ಟೀ ಹೇಳೋಕೆ ಹೋಗಿದ್ದೆ. ಒಳಗೆ ನಿಮ್ಮಣ್ಣ ಒಬ್ರೇ..." ಮಾತನ್ನು ಅಲ್ಲಿಗೇ ಬಿಟ್ಟ. ಕಿಟಕಿಯಾಚೆ ನೋಡತೊಡಗಿದ. ಅಂಥ ಬಾಯಾಳಿ ಸುಮ್ಮನಾದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಗಾಯಗೊಂಡ ಮನುಷ್ಯನೇ ಅಪರಾಧಿಯಾಗಲಿ ಎಂದು ಐದು ನಿಮಿಷ ಹಾರೈಸಿದೆನಲ್ಲ. ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

* * *

ಲಾಕಪ್ಪಿನಲ್ಲಿ ಡ್ರೈವರ್ ಗೋಡೆಗೆ ಒರಗಿ ಕೂತಿದ್ದ. ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಇತ್ತು. ಅವಳು ಬಾಗಿಲು ತೆಗೆಸಿ ಒಳಗೆ ಹೋದಳು. ಅವನು ಎದ್ದು ನಿಂತು ಒಂದು ಹೆಜ್ಜೆ ಹಿಂದೆ ಸರಿದ.

"ಹೊಡೆಯೋಕೆ ಬಂದಿಲ್ಲ," ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ಪೆಡಲ್ಲು ಹೇಗಿತ್ತು ಅಂತ ಹೇಳು. ಕಾಲಲ್ಲೇ ತೋರಿಸು."

ಅವನು ಅನುಮಾನದಿಂದ ನೋಡಿದ. ಆಮೇಲೆ ಗೋಡೆ ಹಿಡಿದು, ಬಲಗಾಲು ಮುಂದೆ ಚಾಚಿ, ಇಲ್ಲದ ಪೆಡಲನ್ನು ತುಳಿದ.

"ಮೊದಲನೇ ಸಲ ಒತ್ತಿದ್ರೆ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಕೆಳಗೆ ಹೋಗುತ್ತೆ. ಬಿಟ್ಟು ತಕ್ಷಣ ಒತ್ತಿದ್ರೆ ಅರ್ಧಕ್ಕೆ ನಿಲ್ಲುತ್ತೆ. ಮೂರನೇ ಸಲಕ್ಕೆ ಗಟ್ಟಿ. ಅದಕ್ಕೇ ನಿಧಾನ ಓಡಿಸ್ತಿದ್ದೆ. ನಿಲ್ಲಿಸೋ ಜಾಗಕ್ಕಿಂತ ಎಷ್ಟೋ ಮೊದಲೇ ಮೂರು ಸಲ ಒತ್ಕೊಂಡು ಬರ್ತಿದ್ದೆ. ಡಾಕ್ಟ್ರಿಗೆ ಹೇಳೋಕೆ ಹೋದ್ರೆ ಅವರು ಕೇಳ್ಬೇಕಲ್ಲ. ನಾನಿಲ್ದೆ ಓಡಿಸಿ ನೋಡಿ ಅಂದಿದ್ದೂ ಆ ಸಿಟ್ಟಿಗೇ. ಅನ್ನಬಾರದಿತ್ತು."

"ಗಟ್ಟಿಯಾದ ಮೇಲೆ ಒತ್ತಿ ಹಿಡಿದ್ರೆ? ಮೆಲ್ಲಗೆ ಕೆಳಗೆ ಇಳಿಯುತ್ತಿತ್ತಾ?"

"ಇಲ್ಲ. ಹಿಡಿದ್ರೆ ಹಿಡಿದ ಹಾಗೇ ಇರ್ತಿತ್ತು."

"ಆಯಿಲು ಕಡಿಮೆ ಆಗ್ತಿತ್ತಾ?"

"ದಿನಾ ನೋಡ್ತಿದ್ದೆ. ಒಂದು ಕೂದಲಷ್ಟೂ ಇಳೀಲಿಲ್ಲ."

ದೀಪ ಹಿಡಿದುಕೊಂಡು ಕೂತ ಆ ವರ್ಷಗಳಲ್ಲಿ ಅಣ್ಣ ಹೇಳಿಕೊಟ್ಟ ಪಾಠ ಅವಳಿಗೆ ಅಕ್ಷರ ಬಿಡದೆ ನೆನಪಿತ್ತು. ಆಯಿಲು ಇಳಿದರೆ ಎಲ್ಲೋ ಸೋರುತ್ತಿದೆ. ಒತ್ತಿ ಹಿಡಿದಾಗ ಪೆಡಲ್ಲು ಮೆಲ್ಲಗೆ ಮುಳುಗಿದರೆ ಮೇಲಿನ ಸಿಲಿಂಡರು ಹೋಗಿದೆ. ಎರಡೂ ಅಲ್ಲದೆ, ಒತ್ತಿದಷ್ಟೂ ಗಟ್ಟಿಯಾಗುತ್ತಾ ಬಂದರೆ, ಒಳಗೆ ಗಾಳಿ ಸೇರಿದೆ.

"ಇದು ಯಾವಾಗಿನಿಂದ?"

"ಮುಂದಿನ ಎರಡೂ ಚಕ್ರದ ಕ್ಯಾಲಿಪರ್ ಬಿಚ್ಚಿ ಸೀಲ್ ಹಾಕಿದ ದಿನದಿಂದ. ಎರಡು ಸಲ ವಾಪಸು ತಗೊಂಡು ಹೋದೆ. ಮೇಷ್ಟ್ರು ಎರಡು ಸಲವೂ ಗಾಳಿ ತೆಗೆದ್ರು. ಒಂದು ಗುಳ್ಳೇನೂ ಬರಲಿಲ್ಲ. 'ಹೊಸ ಸೀಲು, ಹೊಂದ್ಕೊಳ್ಳುತ್ತೆ, ನಿನ್ನ ಕಾಲಿಗೇ ಏನೋ ಆಗಿದೆ' ಅಂತ ನಕ್ಕು ಕಳಿಸಿದ್ರು."

ಇವನು ಇದನ್ನೇ ಹೇಳಲು ಬಂದಿದ್ದ. ಅರ್ಧ ವಾಕ್ಯಕ್ಕೆ ಹೊಡೆದಿದ್ದಳು.

* * *

ಗ್ಯಾರೇಜಿನಲ್ಲಿ ಇನ್ನೂ ಬಿಸಿಲಿನ ಬೆಳಕಿತ್ತು. ಅಣ್ಣ ಕಾಣಲಿಲ್ಲ. ಅತ್ತಿಗೆ ಉದ್ದನೆಯ ಬೆಂಚಿನ ಮೇಲಿನ ಸ್ಪ್ಯಾನರುಗಳನ್ನು ಒರೆಸಿಡುತ್ತಿದ್ದಳು.

"ಬಾರಮ್ಮ. ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ? ಮುಖ ನೋಡು ಹೇಗಾಗಿದೆ."

"ಆಮೇಲೆ ಅತ್ತಿಗೆ. ಅಣ್ಣನ ಸ್ಟೂಲು ಯಾಕೆ ಆ ಕಡೆ ಹೋಯ್ತು?"

ಮೂವತ್ತು ವರ್ಷ ಆ ಸ್ಟೂಲು ಬೆಂಚಿನ ಈಚೆ, ಗೋಡೆಯ ಬದಿಗೆ ಇತ್ತು. ಈಗ ಆಚೆ ಬದಿಯಲ್ಲಿತ್ತು.

"ಬೆಳಕಿಗೆ ಅಂತ. ಹೊತ್ತು ಇಳಿದ ಮೇಲೆ ಈ ಕಡೆ ಕೂತ್ರೆ ಕಾಣಲ್ಲ ಅಂತಾರೆ. ಆಗ ಸ್ಟೂಲು ಎತ್ಕೊಂಡು ಆ ಕಡೆ..." ಅತ್ತಿಗೆ ನಾಲಗೆ ಕಚ್ಚಿಕೊಂಡಳು. "ನಾನು ಹೇಳಿದೆ ಅಂತ ಹೇಳ್ಬೇಡ. ಕಣ್ಣಿನ ವಿಷಯ ನಿಂಗೆ ಗೊತ್ತಾಗಬಾರದು ಅಂತ ನನ್ನ ಹತ್ತಿರ ಆಣೆ ಮಾಡಿಸ್ಕೊಂಡಿದಾರೆ."

ಅವಳು ಟೋಪಿ ತೆಗೆದು ಬೆಂಚಿನ ಮೇಲಿಟ್ಟಳು. ನೆಲದ ಮೇಲೆ ಗೋಣಿಚೀಲ ಹಾಸಿ, ಬೆನ್ನ ಮೇಲೆ ಮಲಗಿ, ಕಾರಿನ ಅಡಿಗೆ ಸರಿದಳು. ಎಡ ಚಕ್ರದ ಹಿಂದೆ ಟಾರ್ಚು ಬಿಟ್ಟಳು. ಬೆಳಿಗ್ಗೆ ಕೊಯ್ದ ಪೈಪನ್ನು ಮಾತ್ರ ನೋಡಿದ್ದಳು. ಈಗ ಚಕ್ರವನ್ನು ಕಚ್ಚಿ ನಿಲ್ಲಿಸುವ ಕ್ಯಾಲಿಪರ್ ನೋಡಿದಳು. ಗಾಳಿ ತೆಗೆಯುವ ಸಣ್ಣ ನಿಪ್ಪಲ್ಲು ಮೇಲ್ಗಡೆ ಇರಬೇಕಿತ್ತು. ಕೆಳಗಡೆ ಇತ್ತು. ಬಲಗಡೆಗೆ ತೆವಳಿದಳು. ಅಲ್ಲೂ ಕೆಳಗಡೆ.

ಹೊರಗೆ ಬಂದಾಗ ಎದುರಿಗೆ ಅಣ್ಣ ನಿಂತಿದ್ದ.

"ಏನು ಪುಟ್ಟಿ, ಮತ್ತೆ ಯೂನಿಫಾರಂ ಕೊಳೆ ಮಾಡ್ಕೊಂಡೆ?"

"ಅಣ್ಣ, ಎಡದ ಕ್ಯಾಲಿಪರ್ ಬಲಕ್ಕೆ ಹೋಗಿದೆ. ಬಲದ್ದು ಎಡಕ್ಕೆ ಬಂದಿದೆ."

ಅವನು ಕಾರಿನ ಕಡೆಗೆ ನೋಡಿದ.

"ನೀನು ಯಾವತ್ತೂ ಚಾಕ್‌ಪೀಸಿನಲ್ಲಿ ಗುರುತು ಹಾಕಿದವನಲ್ಲ. ಗುರುತು ಹಾಕೋರನ್ನ ಕಂಡ್ರೆ ನಗ್ತಿದ್ದೆ. ಎಡಗಡೆಯಿಂದ ಬಿಚ್ಚಿದ್ದು ಬೆಂಚಿನ ಮೇಲೆ ನಿನ್ನ ಎಡಗೈ ಹತ್ತಿರ, ಬಲಗಡೆಯದು ಬಲಗೈ ಹತ್ತಿರ. ಕೈಗೆ ಗೊತ್ತು ಅಂತಿದ್ದೆ. ಆ ದಿನ ಬೆಳಿಗ್ಗೆ ಈ ಕಡೆ ಕೂತು ಎರಡನ್ನೂ ಬಿಚ್ಚಿ ಹಾಗೇ ಇಟ್ಟೆ. ಸೀಲ್ ಹಾಕಿ ಮುಗಿಸೋ ಹೊತ್ತಿಗೆ ಮಧ್ಯಾಹ್ನ ದಾಟಿತ್ತು, ಕಣ್ಣು ಕಾಣ್ತಿರಲಿಲ್ಲ. ಸ್ಟೂಲು ಎತ್ಕೊಂಡು ಬೆಂಚಿನ ಆ ಕಡೆಗೆ ಹೋದೆ. ಕ್ಯಾಲಿಪರ್ ಇದ್ದ ಜಾಗದಲ್ಲೇ ಇತ್ತು, ತಿರುಗಿದ್ದು ನೀನು. ಎಡಗೈ ಹತ್ತಿರ ಇದ್ದದ್ದು ಬಲಗೈಗೆ ಬಂತು. ಕೈ ಮಾತ್ರ ಅದರ ಅಭ್ಯಾಸದಂತೆ ಕೆಲಸ ಮಾಡ್ತು."

ಅತ್ತಿಗೆ ಬೆಂಚಿನ ಅಂಚು ಹಿಡಿದುಕೊಂಡಳು.

"ನಿಪ್ಪಲ್ಲು ಕೆಳಗಾಯ್ತು. ಗಾಳಿ ಮೇಲೆ ಉಳೀತು. ಕೆಳಗಿಂದ ನೀನು ಎಷ್ಟು ಸಲ ತೆಗೆದ್ರೂ ಬರೋದು ಬರೀ ಆಯಿಲು. ಗುಳ್ಳೆ ಬರಲಿಲ್ಲ ಅಂತ ಗಾಳೀನೇ ಇಲ್ಲ ಅಂದ್ಕೊಂಡೆ. ಡ್ರೈವರ್ ಮೂರು ಸಲ ಒತ್ತಿ ಒತ್ತಿ ಎಂಟು ದಿನ ಓಡಿಸಿದ. ಡಾಕ್ಟ್ರಿಗೆ ಅದು ಗೊತ್ತಿರಲಿಲ್ಲ, ಒಂದೇ ಸಲ ಒತ್ತಿದ್ರು."

"ಸಾಕು ಪುಟ್ಟಿ."

"ಇನ್ನೊಂದಿದೆ. ಇವತ್ತು ಕಾರು ಬಂದ ಮೇಲೆ ನೀನು ಅಡಿಗೆ ಹೋಗಿ ಕೈಯಾಡಿಸಿದೆ. ನಿಪ್ಪಲ್ಲು ಎಲ್ಲಿದೆ ಅಂತ ಬೆರಳಿಗೆ ಗೊತ್ತಾಯ್ತು. ಎರಡನ್ನೂ ಅದಲು ಬದಲು ಮಾಡೋಕೆ ಗಂಟೆಗಟ್ಟಲೆ ಬೇಕು. ದಫೇದಾರ್ರು ಟೀ ಹೇಳಿ ಬರೋದಕ್ಕೆ ಐದು ನಿಮಿಷ. ಪೈಪು ಕೊಯ್ಯೋಕೆ ಒಂದೇ ನಿಮಿಷ ಸಾಕಾಯ್ತು. ಚಕ್ರದ ಕೆಳಗೆ ಬಿದ್ದಿದ್ದ ಬಿಳಿ ಶೀಟಿನ ಮೇಲೆ ಒಂದು ಹನಿ ಆಯಿಲಿಲ್ಲ ಅಣ್ಣ. ಆಯಿಲು ಬಿದ್ದಿರೋದು ಇಲ್ಲಿ, ಈ ಹೊಟ್ಟಿನ ಕೆಳಗೆ ಮಾತ್ರ."

ಅಣ್ಣ ನಿಧಾನವಾಗಿ ಸ್ಟೂಲಿನ ಮೇಲೆ ಕೂತ. ಐವತ್ತಾರು ವರ್ಷದವನು ಕಣ್ಣೆದುರಿಗೇ ಎಪ್ಪತ್ತರವನಾದ ಹಾಗೆ ಕಂಡ.

"ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದು ಗಾಡೀನೂ ಗುದ್ದಿರಲಿಲ್ಲ," ಎಂದ. "ಮುದುಕಿ ಕಾಲು ಮುರೀತು ಅಂತ ಕೇಳಿದಾಗಲೇ ಎದೆ ಹೊಡ್ಕೊಳ್ತಿತ್ತು. ಮುಟ್ಟಿ ನೋಡಿದ ಮೇಲೆ ಏನು ಮಾಡ್ತಿದೀನಿ ಅಂತ ಗೊತ್ತಾಗಲಿಲ್ಲ. ಬ್ರೇಕ್ ಮೇಷ್ಟ್ರಿಗೆ ಕಣ್ಣಿಲ್ಲ ಅಂತಾರೆ ಅನ್ನೋದೊಂದೇ ತಲೇಲಿತ್ತು." ತಲೆ ಎತ್ತಿದ. "ಆದ್ರೆ ನಾನು ಯಾರ ಹೆಸರೂ ಹೇಳಲಿಲ್ಲ ಪುಟ್ಟಿ. ಯಾರೋ ಕೊಯ್ದಿದ್ದಾರೆ ಅಂದೆ, ಅಷ್ಟೇ."

"ಹೆಸರು ನಾನು ಹುಡುಕಿದೆ," ಎಂದಳು. "ಹೊಡೆದೂ ಬಂದೆ."

"ಯಾರೋ ಗೊತ್ತಿಲ್ಲದವರು ಅಂತ ಬರೆದುಬಿಡು. ಆ ಮನುಷ್ಯನ್ನ ಬಿಟ್ಟುಬಿಡು. ಅಜ್ಜಿ ಆಸ್ಪತ್ರೆಯದೆಲ್ಲ ನಾನು ನೋಡ್ಕೋತೀನಿ."

ಬೇಡವೆನ್ನಲು ಅವಳಿಗೆ ತಕ್ಷಣ ಬಾಯಿ ಬರಲಿಲ್ಲ. ಹಾಗೆ ಬರೆದರೆ ಯಾರಿಗೆ ತಿಳಿಯುತ್ತದೆ? ಒಂಬತ್ತು ವರ್ಷ ಅವನು ಹೇಳಿದ್ದನ್ನೇ ಬರೆದಿದ್ದಳು. ಇದೂ ಒಂದು. ಡ್ರೈವರ್ ಮನೆಗೆ ಹೋಗುತ್ತಾನೆ. ಆದರೆ ಗಲ್ಲಿಯ ಜನಕ್ಕೆ ಅವನು ಪೈಪು ಕೊಯ್ದವನಾಗಿಯೇ ಉಳಿಯುತ್ತಾನೆ, ಸಾಕ್ಷಿ ಸಿಗದೆ ಬಿಟ್ಟರು ಅಷ್ಟೇ ಎನ್ನುತ್ತಾರೆ. ಇನ್ನು ಯಾರೂ ಅವನ ಕೈಗೆ ಕಾರು ಕೊಡುವುದಿಲ್ಲ. ಇಷ್ಟನ್ನು ಯೋಚಿಸಿ ಮುಗಿಸಲು ಅವಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆ ಹೊತ್ತಿಗಾಗಿ ಅವಳು ಮುಂದೆ ಎಷ್ಟೋ ಸಲ ಮುಖ ಮುಚ್ಚಿಕೊಂಡಳು.

ಕೊನೆಗೆ ಫೋನು ತೆಗೆದಳು.

"ಸರ್, ಈ ಕೇಸು ನನ್ನ ಕೈಲಿ ಇರಬಾರದು. ಪೈಪು ಕೊಯ್ದವರು ನನ್ನ ಅಣ್ಣ. ಹೌದು ಸರ್, ಸ್ವಂತ ಅಣ್ಣ. ತಪ್ಪಾದ ಮನುಷ್ಯನ್ನ ಹಿಡಿದು ತಂದಿದೀನಿ. ಕೈ ಕೂಡ ಮಾಡಿದೀನಿ. ಇಲ್ಲ ಸರ್, ಅದನ್ನೂ ಬರ್ಕೊಳ್ಳಿ."

ಅತ್ತಿಗೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಣ್ಣ ತನ್ನ ಎರಡೂ ಅಂಗೈ ನೋಡುತ್ತಾ ಕೂತಿದ್ದ.

* * *

ಮಾರನೇ ಬೆಳಿಗ್ಗೆ ಮೇಲಧಿಕಾರಿ ಗ್ಯಾರೇಜಿಗೆ ಬಂದರು. ಜೊತೆಗೆ ಗಾಡಿಗಳನ್ನು ಪರೀಕ್ಷೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರು. ರಾತ್ರಿ ಸ್ಟೇಷನ್ನಿನಲ್ಲೇ ಉಳಿದಿದ್ದ ಡ್ರೈವರನ್ನೂ, ಮನೆಯಿಂದ ಡಾಕ್ಟರನ್ನೂ ಕರೆಸಿದ್ದರು. ಫೋಟೊ ತೆಗೆದಾದ ಮೇಲೆ ಮೇಲಧಿಕಾರಿ, "ಬರೀ ಬಾಯಲ್ಲಿ ಹೇಳಿದ್ರೆ ಆಗಲ್ಲ, ಮಾಡಿ ತೋರಿಸಿ" ಎಂದರು.

ಅಣ್ಣನೇ ಮಾಡಿದ. ಮೊದಲು ಕೊಯ್ದ ಪೈಪು ತೆಗೆದು ಹೊಸದು ಹಾಕಿದ. ಕ್ಯಾಲಿಪರ್ ಇದ್ದ ಹಾಗೇ ಬಿಟ್ಟು ಗಾಳಿ ತೆಗೆದ. ಪ್ಲಾಸ್ಟಿಕ್ ನಳಿಗೆಯಲ್ಲಿ ಒಂದು ಗುಳ್ಳೆಯೂ ಬರಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಒತ್ತಿದ.

"ಹೀಗೇ ಇತ್ತು ಸರ್. ಮೊದಲು ಮೆತ್ತಗೆ, ಮೂರನೇದಕ್ಕೆ ಗಟ್ಟಿ."

ಡಾಕ್ಟರು ತಾವೂ ಒತ್ತಿ ನೋಡಿದರು. ಕಾಲು ನೆಲಕ್ಕೆ ಹೋಯಿತು. "ನಾನು ಲೇಟು ಅಂತ ಬೈತಿದ್ದೆ," ಎಂದು ತಮಗೆ ತಾವೇ ಹೇಳಿಕೊಂಡು ಕೆಳಗಿಳಿದರು.

ಆಮೇಲೆ ಅಣ್ಣ ಎರಡೂ ಕ್ಯಾಲಿಪರ್ ಬಿಚ್ಚಿ ಅವುಗಳ ಜಾಗಕ್ಕೆ ಸೇರಿಸಿದ. ಬೆರಳಿನಿಂದ ನಿಪ್ಪಲ್ಲು ಮೇಲಿದೆಯೇ ಎಂದು ಎರಡೆರಡು ಸಲ ಮುಟ್ಟಿ ನೋಡಿದ. ಬ್ರೇಕ್ ಇನ್ಸ್‌ಪೆಕ್ಟರೂ ಬಗ್ಗಿ ನೋಡಿದರು.

"ಒತ್ತು," ಎಂದ ಅಡಿಯಿಂದ. "ಹಿಡಿ. ಬಿಡು."

ಈ ಸಲ ನಳಿಗೆಯಲ್ಲಿ ಗುಳ್ಳೆ ಬಂತು. ಒಂದು, ಎರಡು, ಆಮೇಲೆ ಕುದಿಯುವ ನೀರಿನ ಹಾಗೆ ಸಾಲು ಸಾಲಾಗಿ. ಎಂಟು ದಿನದಿಂದ ಒಳಗೆ ಅಡಗಿ ಕೂತ ಗಾಳಿ. ಮೇಲಧಿಕಾರಿ ನಳಿಗೆಯನ್ನೇ ನೋಡುತ್ತಾ ನಿಂತರು. ಎರಡೂ ಚಕ್ರ ಮುಗಿದಾಗ ಡ್ರೈವರ್ ಮತ್ತೆ ಒತ್ತಿದ. ಒಂದೇ ಸಲಕ್ಕೆ ಪೆಡಲ್ಲು ಕಲ್ಲಿನ ಹಾಗೆ ನಿಂತಿತು.

"ಸರಿ ಇದೆ," ಎಂದ. ಅಷ್ಟೇ ಹೇಳಿದ.

ಅಣ್ಣ ಹೊರಗೆ ಬಂದು ಅವನೆದುರು ನಿಂತ. ಎರಡೂ ಕೈಗೆ ಆಯಿಲಾಗಿತ್ತು, ಮುಗಿಯಲೋ ಬೇಡವೋ ಎಂದು ಅವನ್ನು ಅರ್ಧಕ್ಕೆ ಹಿಡಿದುಕೊಂಡು ನಿಂತುಬಿಟ್ಟ. ಡ್ರೈವರ್ ಅವನನ್ನು ದಾಟಿ ಹೊರಗೆ ನಡೆದ. ಮೇಲಧಿಕಾರಿಯ ಜೀಪು ಅಣ್ಣನನ್ನು ಕೂರಿಸಿಕೊಂಡು ಹೋಯಿತು.

* * *

"ನಿಮ್ಮನ್ನ ಮನೆಗೆ ಬಿಡ್ತೀನಿ," ಎಂದಳು ಅವಳು ರಸ್ತೆಯಲ್ಲಿ, ಡ್ರೈವರನಿಗೆ.

"ಬೇಡ ಮೇಡಂ. ನಡ್ಕೊಂಡು ಹೋಗ್ತೀನಿ."

"ಬಿಡೋಕೆ ಮಾತ್ರ ಅಲ್ಲ. ನಾನು ಅಲ್ಲಿಗೆ ಬರಬೇಕು."

ಅವನು ಒಂದು ಗಳಿಗೆ ನಿಂತ. "ಹಾಗಾದ್ರೆ ಯೂನಿಫಾರಂನಲ್ಲೇ ಬನ್ನಿ," ಎಂದ.

ಗಲ್ಲಿಯ ಬಾಯಲ್ಲಿ ಜೀಪು ನಿಲ್ಲಿಸಿ ಇಬ್ಬರೂ ನಡೆದರು. ನಲ್ಲಿಯ ಹತ್ತಿರ ಅದೇ ಹೆಂಗಸರು. ಅವನ ಹೆಂಡತಿ ಓಡಿ ಬಂದವಳು, ಪಕ್ಕದಲ್ಲಿ ಪೊಲೀಸನ್ನು ಕಂಡು ಅಲ್ಲೇ ನಿಂತಳು. ಮಗಳು ಬಂದು ಅಪ್ಪನ ಕಾಲು ತಬ್ಬಿಕೊಂಡಳು. ಬಾಗಿಲುಗಳಲ್ಲಿ ಜನ ಸೇರಿದರು.

ಸಬ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿಗೋ ಹೋಗಿತ್ತು.

"ನಿನ್ನೆ ಇವರನ್ನ ಇಲ್ಲಿಂದ ಕರ್ಕೊಂಡು ಹೋದೆ. ಇವರದ್ದು ಏನೂ ತಪ್ಪಿಲ್ಲ. ಇವರು ನಿಜ ಹೇಳೋಕೆ ಬಂದ್ರು, ನಾನು ಹೊಡೆದೆ. ತಪ್ಪು ನಂದು."

ಒಬ್ಬಳು ನಲ್ಲಿ ನಿಲ್ಲಿಸಿದಳು.

"ಹೊಡೆತ ತಿಂದಿದ್ದು ತಿಂದಾಯ್ತು," ಎಂದಳು ಡ್ರೈವರನ ಹೆಂಡತಿ. "ಮತ್ತೆ ಕೊಯ್ದೋರು ಯಾರು? ಅದನ್ನೂ ಹೇಳಿ ಹೋಗಿ. ಇಲ್ದಿದ್ರೆ ನಾಳೆ ಇದೇ ಜನ ಮತ್ತೆ ಇವರ ಕಡೆಗೇ ನೋಡ್ತಾರೆ."

"ಗೊತ್ತಾಗಿದೆ. ಅವರೇ ಒಪ್ಕೊಂಡಿದಾರೆ."

"ಯಾರು?"

ಮಗು ಅಪ್ಪನ ಕಾಲಿನ ಮರೆಯಿಂದ ಅವಳನ್ನೇ ನೋಡುತ್ತಿತ್ತು. ಇಲ್ಲಿ ಹೇಳಿದರೆ ಸಂಜೆಯೊಳಗೆ ಊರು ಪೂರ್ತಿ ಹರಡುತ್ತದೆ. ಅತ್ತಿಗೆ ನಾಳೆ ಬೀದಿಗೆ ಇಳಿಯುವ ಹಾಗಿಲ್ಲ.

"ನನ್ನ ಅಣ್ಣ," ಎಂದಳು. "ಬ್ರೇಕ್ ಮೇಷ್ಟ್ರು."

ಗುಂಪಿನಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಆ ಗಲ್ಲಿಯ ಎಷ್ಟೋ ಆಟೋಗಳ ಬ್ರೇಕು ಅವನ ಕೈಯಲ್ಲೇ ಆದದ್ದು. ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೂ ಯಾರ ಮುಖ ನೋಡಬೇಕು ಎಂದು ತಿಳಿಯುತ್ತಿರಲಿಲ್ಲ.

ಡ್ರೈವರ್ ಮಗಳನ್ನು ಎತ್ತಿಕೊಂಡ. "ಸಾಕು ಮೇಡಂ," ಎಂದ. ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಇನ್ನು ಹೊರಡಿ."

ಅವನು ಒಳಗೆ ಹೋದ. ಹೆಂಡತಿ ಬಾಗಿಲು ಹಾಕಿಕೊಂಡಳು.

ಜೀಪಿನವರೆಗೆ ಅರವತ್ತು ಹೆಜ್ಜೆ ಇದ್ದಿರಬಹುದು. ಎರಡೂ ಕಡೆಯಿಂದ ಜನ ನೋಡುತ್ತಿದ್ದರು. ಯಾರಾದರೂ ಬೈದಿದ್ದರೂ ವಾಸಿಯಿತ್ತು. ಅವಳು ಟೋಪಿಯನ್ನು ಕೈಯಲ್ಲೇ ಹಿಡಿದು ನಡೆದಳು.